ಕೊನೆಯ ಒಲೆ ಆರಿದ ಮೇಲೆ

ನಿನ್ನೆ ಸಂಜೆ ಕಾಡಿನಂಚಿನ ಕೊಳದಲ್ಲಿ ಕಪ್ಪೆಗಳು ಕೂಗಿದವು. ಇಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಮೇಪಲ್ ಸುಗ್ಗಿ, ಅಂದರೆ ಮೇಪಲ್ ಮರದ ಸಿಹಿ ರಸ ಇಳಿಸಿ ಪಾಕ ಕಾಯಿಸುವ ಕಾಲ, ಮುಗಿಯಿತೆನ್ನುವುದಕ್ಕೆ ಹಿರಿಯರು ನಂಬುವ ಗುರುತು ಅದು. ಮೊಗ್ಗು ಬಿರಿಯತೊಡಗಿದರೆ ಮರದ ರಸದ ರುಚಿ ಕೆಡುತ್ತದೆ. ಇಂದು ಬೆಳಿಗ್ಗೆ, ರಸ ಬಕೆಟ್‌ಗೆ ಇಳಿಯಲೆಂದು ಮರಗಳಿಗೆ ಬಡಿದಿದ್ದ 220 ನಳಿಗೆಗಳನ್ನೂ ಕಿತ್ತು, ಬಕೆಟ್ ತೊಳೆದು ಬೋರಲು ಹಾಕಿದ್ದೇವೆ. ಈಗ ಕೈ ಬಿಡುವಾಗಿದೆ, ಈ ಸುಗ್ಗಿಯಲ್ಲಿ ನೆರವಾದ ನಿಮಗೆಲ್ಲ ಬರೆಯುತ್ತಿದ್ದೇನೆ.

ಮಾರ್ಚ್ ಮೊದಲ ವಾರ, ನಳಿಗೆ ಬಡಿದ ಮೂರನೆಯ ದಿನ, ನಮ್ಮ ಯಜಮಾನರು ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡರು. ಈ ವರ್ಷ ಬಿಟ್ಟುಬಿಡೋಣ ಎಂದು ಆಸ್ಪತ್ರೆಯಲ್ಲೇ ಮಾತಾಡಿಕೊಂಡಿದ್ದೆವು. ಆದರೆ ರಾತ್ರಿ ಹೆಪ್ಪುಗಟ್ಟಿಸುವ ಚಳಿ, ಹಗಲು ಹಿಮ ಕರಗಿಸುವ ಬಿಸಿಲು ಬಂದರೆ ರಸ ಹರಿಯುತ್ತದೆ. ಮನೆಯವರ ಕಷ್ಟಕ್ಕೆ ಅದು ನಿಲ್ಲುವುದಿಲ್ಲ. ಹರಿದದ್ದನ್ನು ಬೇಗ ಕಾಯಿಸದಿದ್ದರೆ ಹಾಲಿನಂತೆಯೇ ಕೆಡುತ್ತದೆ. ಅದರಲ್ಲಿ ಸಕ್ಕರೆ ನೂರಕ್ಕೆ ಎರಡರಷ್ಟು ಮಾತ್ರ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬತ್ತಬೇಕು.

ಆ ರಾತ್ರಿ ಕೆಳಗಿನ ಹೈನುಮನೆಯ ಅಜ್ಜ ಬಂದರು. ನಾನು ಕರೆದಿರಲಿಲ್ಲ. ಹಸುಗಳ ಹಾಲು ಕರೆದು ಮುಗಿಸಿ, ಟಾರ್ಚ್ ಹಿಡಿದು ಬಂದು ಒಲೆಯ ಮುಂದೆ ಕೂತರು. ಏಳೆಂಟು ನಿಮಿಷಕ್ಕೊಮ್ಮೆ ಸೌದೆ ತುಂಬಬೇಕು. ಪಾತ್ರೆಯಲ್ಲಿ ರಸ ಇಳಿದರೆ ನೋಡುನೋಡುತ್ತಿದ್ದಂತೆ ತಳ ಸೀಯುತ್ತದೆ. ನೊರೆ ಉಕ್ಕಿ ಬಂದಾಗ ಬೆಣ್ಣೆಯ ಒಂದು ಚೂರು ಹಾಕಿ ಅಡಗಿಸುವುದನ್ನು ನನಗೆ ಕಲಿಸಿದವರು ಅವರೇ. ಹನ್ನೊಂದು ರಾತ್ರಿ ಹಾಗೆ ಬಂದರು. ಅವರಿಗೆ ಕನ್ನಡ ಬರುವುದಿಲ್ಲ. ಇದನ್ನು ನಾನೇ ಹೋಗಿ ಓದಿ, ಅರ್ಥ ಹೇಳಿ ಬರುತ್ತೇನೆ.

ಬಾಸ್ಟನ್ನಿನ ಗೆಳೆಯರೇ, ಮೂರು ಶನಿವಾರ ಮೂರು ಗಂಟೆಯ ದಾರಿ ಬಂದಿರಿ. ಮಣ್ಣುರಸ್ತೆಯಲ್ಲಿ ಕಾರು ಹೂತರೂ ಹಿಂದಿರುಗಲಿಲ್ಲ. ಮೊಣಕಾಲುದ್ದದ ಹಿಮದಲ್ಲಿ ಬಕೆಟ್ ಹೊತ್ತಿರಿ, ಸೌದೆ ಸೀಳಿದಿರಿ. ನಿಮ್ಮ ಮಕ್ಕಳು ಹಿಮದ ಮೇಲೆ ಬಿಸಿ ಪಾಕ ಸುರಿದು ಎಳೆಎಳೆಯಾಗಿ ತಿಂದದ್ದನ್ನು ನೋಡಿ ಯಜಮಾನರು ಆ ತಿಂಗಳಲ್ಲಿ ಮೊದಲ ಸಲ ನಕ್ಕರು.

ಚಿಕ್ಕಪ್ಪ, ನಿಮ್ಮನ್ನು ಹೇಗೆ ಮರೆಯಲಿ? ಥರ್ಮಾಮೀಟರ್ ಒಡೆದ ರಾತ್ರಿ ಇಲ್ಲಿ ಒಂದು ಗಂಟೆ, ಸಿರಸಿಯಲ್ಲಿ ಬೆಳಿಗ್ಗೆ ಹತ್ತೂವರೆ. ಪಾಕ 104 ಡಿಗ್ರಿಗೆ ಬಂದಾಗ ಇಳಿಸಬೇಕು, ಅಳೆಯಲು ಏನೂ ಇಲ್ಲ. ನೀವು ಫೋನಿನಲ್ಲಿ ನೋಡುತ್ತಾ, “ಸೌಟು ಎತ್ತು. ಹನಿಹನಿಯಾಗಿ ಬಿದ್ದರೆ ಇನ್ನೂ ಎಳಸು. ಹನಿಗಳು ಕೂಡಿ ಹಾಳೆಯಂತೆ ಇಳಿದರೆ ಹದ” ಎಂದಿರಿ. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಮುಂದೆ ಕಳೆದ ನಿಮ್ಮ ಅಷ್ಟು ವರ್ಷಗಳು ಆ ರಾತ್ರಿ ನನ್ನ ಕೈಗೆ ಬಂದವು.

ಒಟ್ಟು 190 ಲೀಟರ್ ಆಯಿತು. ಸುಗ್ಗಿಯ ಮೊದಲಿನ ಹೊಂಬಣ್ಣದ ಪಾಕವನ್ನೇ ಎಲ್ಲರೂ ಹೊಗಳುತ್ತಾರೆ. ದೋಸೆಗೆ ಮಾತ್ರ ಕೊನೆಯ ಕಪ್ಪನೆಯದೇ ಸರಿ ಎಂದು ನಾನು ನಂಬಿದ್ದೇನೆ, ಅದನ್ನೇ ನಿಮಗೆಲ್ಲ ತೆಗೆದಿಟ್ಟಿದ್ದೇನೆ. ಬಾಟಲಿಗಳ ಮೇಲೆ ಹೆಸರು ಬರೆದಾಗಿದೆ. ಚಿಕ್ಕಪ್ಪ, ನಿಮ್ಮದನ್ನು ಮುಂದಿನ ಆಲೆಮನೆಯ ಹೊತ್ತಿಗೆ ನಾನೇ ತರುತ್ತೇನೆ. ವಾಪಸು ಬರುವಾಗ ಒಂದು ಡಬ್ಬಿ ಜೋನಿಬೆಲ್ಲ ಕಟ್ಟಿಕೊಡಿ. ಅಜ್ಜ ಕೇಳಿದ್ದಾರೆ.