ಸೋತ ರಾತ್ರಿ ಫೋನ್ ಕೆಳಗಿಡು, ಮಗಳೇ

ವಿಜಯಪುರ

ಪ್ರೀತಿಯ ಮಗಳೇ,

ಆರ್‌ಸಿಬಿ ಸೋತ ರಾತ್ರಿ ನೀನು ಊಟ ಬಿಟ್ಟು ಮಲಗಿದೆ, ಚೆನ್ನೈ ತಂಡದ ಕಡೆಯ ರೂಮ್‌ಮೇಟ್ ಜೊತೆ ಜಗಳ ಮಾಡಿಕೊಂಡೆ ಅಂತ ನಿನ್ನ ತಮ್ಮ ಹೇಳಿದ. ಅದು ನನಗೆ ದೊಡ್ಡದಾಗಿ ಕಾಣಲಿಲ್ಲ. ಹಸಿವಾದರೆ ಉಣ್ಣುತ್ತೀ, ಎರಡು ದಿನ ಹೋದರೆ ಮಾತೂ ಶುರುವಾಗುತ್ತದೆ. ಆದರೆ ಕ್ಯಾಚ್ ಬಿಟ್ಟ ಆ ಹುಡುಗನ ಹೆಂಡತಿಯ ಫೋಟೋ ಕೆಳಗೆ ನೀನು ಬರೆದದ್ದನ್ನೂ ಅವನು ತೋರಿಸಿದ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ. ಫೋನಿನಲ್ಲಿ ಹೇಳಲು ಹೋದರೆ ನನ್ನ ದನಿ ಏರುತ್ತದೆ, ನೀನು ಕಟ್ ಮಾಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಸಿಟ್ಟೇ ಬರಬಾರದು ಅಂತ ನಾನು ಹೇಳುವುದಿಲ್ಲ. ನಮ್ಮದು ಮೂರು ಐಪಿಎಲ್ ಫೈನಲ್ ಸೋತ ತಂಡ. 2009, 2011, ಆಮೇಲೆ 2016. ಆ ಕೊನೆಯದು ನಡೆದಾಗ ನೀನು ಪ್ರೈಮರಿ ಶಾಲೆಯಲ್ಲಿದ್ದೆ, ಅರ್ಧಕ್ಕೇ ನಿದ್ದೆ ಹೋಗಿದ್ದೆ. ಚಿನ್ನಸ್ವಾಮಿಯಲ್ಲೇ ಆಟ. ಹೈದರಾಬಾದ್ 208 ಹೊಡೆದಿತ್ತು. ಗೇಲ್, ಕೊಹ್ಲಿ ಇಬ್ಬರೇ ಮೊದಲ ವಿಕೆಟ್ಟಿಗೆ 114 ಮಾಡಿದರು. ಕಪ್ ಬಂದೇ ಬಿಟ್ಟಿತು ಅಂದುಕೊಂಡೆವು. 8 ರನ್ನಿನಿಂದ ಹೋಯಿತು. ನಿನ್ನ ಕಾಕಾ ಎದ್ದು ಹೊರಗೆ ಹೋಗಿ ಕಟ್ಟೆ ಮೇಲೆ ಕೂತವನು ಎಷ್ಟು ಕರೆದರೂ ಒಳಗೆ ಬರಲಿಲ್ಲ. ಆ ಸಂಕಟ ನನಗೂ ಗೊತ್ತು.

ನೋಡವ್ವಾ, ಮ್ಯಾಚ್ ನೋಡುವವರ ಕೈಯಲ್ಲಿ ಏನೂ ಇರುವುದಿಲ್ಲ. ಬ್ಯಾಟು ಅವರದು, ಬಾಲು ಅವರದು. ನಮ್ಮದು ಬರೀ ಆಸೆ. ಮೂರ್ನಾಲ್ಕು ತಾಸು ಉಸಿರು ಬಿಗಿಹಿಡಿದು ಕೂತು ಕೊನೆಗೆ ಸೋತರೆ, ಬೈಯಲು ಯಾರಾದರೂ ಒಬ್ಬರು ಬೇಕು ಅನ್ನಿಸುತ್ತದೆ. ಮೊದಲೂ ಬೈಯುತ್ತಿದ್ದೆವು. ಆದರೆ ಟಿವಿ ಮುಂದೆ ಬೈದದ್ದು ಆ ಕೋಣೆಯಲ್ಲೇ ಉಳಿಯುತ್ತಿತ್ತು. ಈಗ ನೀನು ಬೆಳಗಾವಿಯ ಹಾಸ್ಟೆಲಿನಲ್ಲಿ ಮಂಚದ ಮೇಲೆ ಕೂತು ಒತ್ತಿದ ನಾಲ್ಕು ಸಾಲು ಅದೇ ರಾತ್ರಿ ಆ ಹೆಣ್ಣುಮಗಳ ಕೈಯೊಳಗಿನ ಫೋನಿಗೆ ಹೋಗುತ್ತದೆ. ಅವಳು ಏನು ಮಾಡಿದ್ದಳು, ಹೇಳು?

ಇದು ಹೊಸದಲ್ಲ. 2021ರ ಅಕ್ಟೋಬರಿನಲ್ಲಿ ಶಾರ್ಜಾದಲ್ಲಿ ಕೋಲ್ಕತಾ ಕೈಲಿ ಸೋತು ನಾವು ಹೊರಬಿದ್ದೆವು. ನಮ್ಮ ಬೌಲರ್ ಡ್ಯಾನ್ ಕ್ರಿಶ್ಚಿಯನ್‌ನ ಒಂದೇ ಓವರಿನಲ್ಲಿ 22 ರನ್ ಹೋದವು, ಕೋಲ್ಕತಾದ ನರೈನ್ ಮೂರು ಸಿಕ್ಸ್ ಎತ್ತಿದ. ಅವತ್ತು ನಮ್ಮ ಬ್ಯಾಟಿಂಗಿನವರು ಎಲ್ಲ ಸೇರಿ ಮಾಡಿದ್ದೇ 138. ಆದರೂ ನಮ್ಮ ಅಭಿಮಾನಿಗಳು ಅನ್ನಿಸಿಕೊಂಡವರು ಕ್ರಿಶ್ಚಿಯನ್‌ನ ಗರ್ಭಿಣಿ ಸಂಗಾತಿಯ ಪುಟಕ್ಕೂ ಹೋಗಿ ಹೊಲಸು ಬರೆದರು. ನನ್ನ ಆಟ ಚೆನ್ನಾಗಿ ಆಗಲಿಲ್ಲ, ಅವಳನ್ನು ಇದಕ್ಕೆ ಎಳೆಯಬೇಡಿ ಅಂತ ಅವನು ಕೇಳಿಕೊಳ್ಳಬೇಕಾಯಿತು. ಅದೇ ತಿಂಗಳು ಭಾರತ ಪಾಕಿಸ್ತಾನಕ್ಕೆ ಸೋತಾಗ ನಮ್ಮ ಬೌಲರ್ ಶಮಿಯನ್ನು ಅವನ ಧರ್ಮ ಹಿಡಿದು ಬೈದರು. ಅವನ ಪರ ನಿಂತ ಕೊಹ್ಲಿಯ, ಇನ್ನೂ ವರ್ಷ ತುಂಬದ ಕೂಸಿಗೆ ಬೆದರಿಕೆ ಬಂತು. ನಿನ್ನ ಕೋಣೆಯ ಗೋಡೆ ಮೇಲಿದ್ದಾನಲ್ಲ, ಅದೇ ಕೊಹ್ಲಿ. ನೀನು ಬರೆದದ್ದು ಅಷ್ಟು ಕೆಟ್ಟದ್ದಲ್ಲ ಅಂತ ನೀನು ಹೇಳಬಹುದು. ಆದರೆ ಓದುವವರಿಗೆ ಎಲ್ಲವೂ ಒಟ್ಟಿಗೇ ಬರುತ್ತವೆ, ಯಾವುದು ಎಷ್ಟು ಕೆಟ್ಟದ್ದು ಅಂತ ತೂಗಿ ನೋಡುತ್ತಾ ಕೂರಲು ಆಗುವುದಿಲ್ಲ.

ನಮ್ಮ ಊರಿನ ರಾಜೇಶ್ವರಿ ಗಾಯಕವಾಡ್ ಆಡಿದ 2017ರ ಮಹಿಳಾ ವಿಶ್ವಕಪ್ ನೆನಪಿದೆಯಾ? ಜುಲೈ 15ರಂದು ನ್ಯೂಜಿಲೆಂಡ್ ಮೇಲೆ ಅವಳು 15 ರನ್ ಕೊಟ್ಟು 5 ವಿಕೆಟ್ ಕಿತ್ತಳು. ಆ ತಂಡ 79ಕ್ಕೆ ಆಲ್ ಔಟ್. ಎಂಟೇ ದಿನಕ್ಕೆ ಲಾರ್ಡ್ಸ್‌ನಲ್ಲಿ ಫೈನಲ್. ಇಂಗ್ಲೆಂಡಿನ ಮೊದಲ ವಿಕೆಟ್ ಕಿತ್ತವಳೂ ಅವಳೇ. ಗೆಲ್ಲಲು 229 ಬೇಕಿತ್ತು, ನಮ್ಮವರು 3 ವಿಕೆಟ್ಟಿಗೆ 191ರ ತನಕ ಆರಾಮಾಗಿ ಬಂದರು. ಅಲ್ಲಿಂದ ಇಂಗ್ಲೆಂಡಿನ ಬೌಲರ್ ಶ್ರಬ್‌ಸೋಲ್ ಒಬ್ಬೊಬ್ಬರನ್ನೇ ಕೆಡವಿದಳು. ಕೊನೆಗೆ ಬ್ಯಾಟ್ ಹಿಡಿದು ಬಂದವರಲ್ಲಿ ರಾಜೇಶ್ವರಿಯೂ ಒಬ್ಬಳು. ಸೊನ್ನೆಗೆ ಬೌಲ್ಡ್. ಅದೇ ಕೊನೆಯ ವಿಕೆಟ್. 219. ಬರೀ 9 ರನ್ನಿನಿಂದ ಸೋತೆವು.

ಇಡೀ ಸೋಲಿಗೆ ಒಂದು ಮುಖ ಹಚ್ಚಬೇಕು ಅಂದರೆ ಅವತ್ತು ಅವಳ ಮುಖ ಸುಲಭವಾಗಿ ಸಿಗುತ್ತಿತ್ತು. ಸ್ಟಂಪ್ ಹಾರಿದ್ದು ಟಿವಿಯಲ್ಲಿ ತಿರುಗಿ ತಿರುಗಿ ತೋರಿಸಿದರು. ನೀನು ಅತ್ತೆ. ಆದರೆ ಮರುದಿನ ಬೆಳಿಗ್ಗೆ ಎದ್ದವಳೇ ಅಂಗಳದಲ್ಲಿ ಎಡಗೈಯಿಂದ ಬಾಲು ಹಾಕಲು ನಿಂತೆ. ಬಲಗೈ ಹುಡುಗಿ ನೀನು, ಬಾಲು ತುಳಸಿಕಟ್ಟೆ ಕಡೆ, ನಿನ್ನ ಅಜ್ಜಿಯ ಕಡೆ ಹೋಗುತ್ತಿತ್ತು. ರಾಜೇಶ್ವರಿ ಎಡಗೈಯಿಂದ ಹಾಕುತ್ತಾಳೆ, ನಾನೂ ಹಾಗೇ ಹಾಕಬೇಕು ಅಂತ ಒಂದೇ ಹಟ. ಅವಳು ಸೊನ್ನೆಗೆ ಔಟಾದದ್ದು ನಿನಗೆ ಗೊತ್ತಿತ್ತು, ಆದರೂ ಅವಳ ಮೇಲಿನ ಪ್ರೀತಿ ಒಂದು ಚೂರೂ ಕಡಿಮೆ ಆಗಿರಲಿಲ್ಲ. ಆಗಿನ ನಿನ್ನಂಥ ಅಭಿಮಾನಿ ಯಾವ ತಂಡಕ್ಕಾದರೂ ಬೇಕು. ಆಟವನ್ನು ನೀನು ಆಗ ಸರಿಯಾಗಿ ನೋಡುತ್ತಿದ್ದೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಸಿದ್ಧೇಶ್ವರ ಜಾತ್ರೆಯ ಕುಸ್ತಿಗೆ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆ. ಸುತ್ತ ಸಿಳ್ಳೆ, ಕೂಗು, ಹಲಗೆ. ಒಬ್ಬ ಪೈಲ್ವಾನ ಚಿತ್ ಆಗುತ್ತಿದ್ದ. ಕೆಡವಿದವನೇ ಕೈಹಿಡಿದು ಎಬ್ಬಿಸಿ ಅವನ ಬೆನ್ನಿನ ಮಣ್ಣು ಒರೆಸುವುದನ್ನು ನೀನು ನೋಡಿದ್ದೀ. ಒಳಗೆ ಆಡಿದವರೇ ಅಷ್ಟಕ್ಕೆ ಮುಗಿಸುವಾಗ ಹೊರಗೆ ನಿಂತ ನಾವು ಯಾಕೆ ಎಳೆದಾಡಬೇಕು?

ಇನ್ನೊಂದು ಮಾತು. 2025ರ ಜೂನ್ 3ರಂದು ಕಪ್ ಗೆದ್ದೆವು. ನಮ್ಮ ಓಣಿಯಲ್ಲಿ ಮಧ್ಯರಾತ್ರಿ ಪಟಾಕಿ. ಮರುದಿನ ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ನಿನ್ನ ವಾರಿಗೆಯ ಮಕ್ಕಳೂ ಇದ್ದರು. ನೀನು ಬೆಂಗಳೂರಿನಲ್ಲಿ ಇದ್ದಿದ್ದರೆ ಖಂಡಿತ ಹೋಗಿರುತ್ತಿದ್ದೆ, ಅಲ್ವಾ? ನಿನ್ನ ಅವ್ವ ಅವತ್ತು ನಿನಗೆ ಸುಮ್ನೆ ಮತ್ತೆ ಮತ್ತೆ ಫೋನ್ ಮಾಡಿದ್ದು ಅದಕ್ಕೇ. ಹದಿನೆಂಟು ವರ್ಷ ಕಾದ ಕಪ್ಪಿನ ಖುಷಿ ಒಂದೇ ದಿನಕ್ಕೆ ನನ್ನ ಗಂಟಲಲ್ಲೇ ನಿಂತಿತು. ಅಂದಿನಿಂದ ಸೋತಾಗ ಬೇಜಾರಾಗುತ್ತದೆ, ಜಾಸ್ತಿಯೇ ಆಗುತ್ತದೆ, ಆದರೆ ಸೋತದ್ದು ಒಂದು ಮ್ಯಾಚ್ ಮಾತ್ರ ಅನ್ನುವುದು ಮರೆಯುವುದಿಲ್ಲ.

ಬರೆದದ್ದನ್ನು ಇವತ್ತೇ ಅಳಿಸಿಬಿಡು. ಅವಳು ಓದುತ್ತಾಳೋ ಬಿಡುತ್ತಾಳೋ, ಅದೇ ಜಾಗದಲ್ಲಿ ಕ್ಷಮೆ ಕೇಳಿ ಒಂದು ಸಾಲು ಬರೆ. ರೂಮ್‌ಮೇಟ್ ಜೊತೆ ನೀನಾಗಿಯೇ ಮಾತಾಡು. ಮುಂದೆ ಸೋತ ರಾತ್ರಿ ಫೋನ್ ಚಾರ್ಜಿಗೆ ಹಾಕಿ ಮೊದಲು ಊಟ ಮಾಡು. ಬೈಯಲೇಬೇಕು ಅನ್ನಿಸಿದರೆ ನನಗೆ ಕರೆ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ. ಆ ಫೀಲ್ಡಿಂಗ್ ಬಗ್ಗೆ ನನಗೂ ಹೇಳುವುದು ಬೇಕಾದಷ್ಟಿದೆ.

ನಿನ್ನ ಅವ್ವ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕಟ್ಟಿಟ್ಟಿದ್ದಾಳೆ. ರವಿವಾರ ನಿನ್ನ ಮಾಮಾ ಬೆಳಗಾವಿಗೆ ಬರುವಾಗ ತರುತ್ತಾನೆ. ಇಬ್ಬರಿಗೂ ಸಾಕಾಗುವಷ್ಟಿದೆ, ರೂಮ್‌ಮೇಟಿಗೂ ಕೊಡು.

ನಿನ್ನ ಅಪ್ಪ