ರಾಕೆಟ್ ದಿನದ ಹೊಗೆ ಮತ್ತು ಕುರ್ಚಿಗಳ ಜಾಗ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ, ನಮಸ್ಕಾರ.

ಮಕ್ಕಳು ತಾವೇ ಮಾಡಿದ ಪುಟ್ಟ ರಾಕೆಟ್ಟುಗಳನ್ನು ಹಾರಿಸುವ ನಮ್ಮ ರಾಕೆಟ್ ದಿನದಂದು ಕಳೆದ ವರ್ಷ ಹೊಗೆ ಕುರ್ಚಿಗಳ ಕಡೆಗೆ ಬಂತು, ಚಿಕ್ಕ ಮಕ್ಕಳು ಕೆಮ್ಮಿದರು ಎಂದು ನಿಮ್ಮಲ್ಲಿ ಕೆಲವರು ಬರೆದಿದ್ದೀರಿ. ಈ ಸಲ ಗಾಳಿ ಬೀಸಿ ಬರುವ ಕಡೆಯಲ್ಲೇ ಕೂರಿಸಿ, ಇಲ್ಲವಾದರೆ ಕಾರ್ಯಕ್ರಮವನ್ನೇ ಕೈಬಿಡಿ ಎಂಬುದು ಆ ಪತ್ರಗಳ ಸಾರ. ನಿಮ್ಮ ಕಾಳಜಿ ನ್ಯಾಯವಾದದ್ದೇ. ಕಾರ್ಯಕ್ರಮ ಕೈಬಿಡುವುದಿಲ್ಲ, ಕುರ್ಚಿಗಳನ್ನು ನೀವು ಕೇಳಿದ ಜಾಗದಲ್ಲಿ ಹಾಕಲೂ ಆಗುವುದಿಲ್ಲ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಿದೆ.

ಮೊದಲು ಹೊಗೆಯ ವಿಷಯ. ನಮ್ಮ ಮಕ್ಕಳು ಬಳಸುವುದು ಅಂಗಡಿಯಲ್ಲಿ ಸಿಗುವ, ಪ್ರಮಾಣಪತ್ರ ಪಡೆದ ಎ8-3 ಮೋಟರ್, ಅಂದರೆ ರಾಕೆಟ್ಟನ್ನು ಮೇಲೇರಿಸುವ ಇಂಧನದ ಕೊಳವೆ. 18 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ, ಕಾಗದದ್ದು. ಒಳಗಿರುವ ಇಂಧನ ಸುಮಾರು 3 ಗ್ರಾಂ ಸಿಡಿಮದ್ದು, ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಉರಿದಾಗ ಅದರ ತೂಕದ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಪೊಟ್ಯಾಸಿಯಮ್ ಲವಣಗಳ ನುಣ್ಣನೆಯ ಪುಡಿಯಾಗಿ ಹಾರುತ್ತದೆ. ಬಿಳಿಯಾಗಿ ಕಾಣುವುದು ಅದೇ. ಮೂಗಿಗೆ ಹತ್ತುವುದು ಗಂಧಕದ ಅನಿಲಗಳು. ದೀಪಾವಳಿಯ ಬಣ್ಣದ ಪಟಾಕಿಗಳಲ್ಲಿರುವ ಬೇರಿಯಮ್, ಸ್ಟ್ರಾನ್ಷಿಯಮ್ ಇದರಲ್ಲಿ ಇಲ್ಲ. ಹೂಕುಂಡದ ಪಕ್ಕ ನಿಂತು ಮಕ್ಕಳ ಫೋಟೋ ತೆಗೆಯುವ ನಾವು ಇಷ್ಟನ್ನಾದರೂ ಒಪ್ಪಬಹುದು ಅನ್ನಿಸುತ್ತದೆ. ಹಾಗೆಂದು ಉಬ್ಬಸವಿರುವ ಮಗುವಿಗೆ ಇದು ಏನೂ ಅಲ್ಲ ಎನ್ನುತ್ತಿಲ್ಲ. ಗಂಧಕದ ಹೊಗೆ ಅಂಥ ಮಕ್ಕಳ ಶ್ವಾಸನಾಳವನ್ನು ಬಿಗಿಹಿಡಿಯಬಲ್ಲದು. ಅವರಿಗಾಗಿ ಬೇರೆ ಏರ್ಪಾಡು ಮಾಡಿದ್ದೇವೆ, ಕೆಳಗೆ ತಿಳಿಸಿದ್ದೇನೆ.

ಹೊಗೆ ಕಡಿಮೆ ಬರುವ ಮೋಟರ್ ತರಬಹುದಲ್ಲ ಎಂದೂ ಒಬ್ಬರು ಕೇಳಿದ್ದಾರೆ. ಅಮೋನಿಯಂ ಪರ್ಕ್ಲೋರೇಟ್ ಬಳಸುವ ಮೋಟರುಗಳಿವೆ, ಕೆಲವು ಬಗೆಯಲ್ಲಿ ಹೊಗೆ ಕಣ್ಣಿಗೆ ಕಡಿಮೆ ಕಾಣುತ್ತದೆ. ಆದರೆ ಅದು ಉಗುಳುವುದು ಹೈಡ್ರೋಜನ್ ಕ್ಲೋರೈಡ್. ಕಾಣದಿದ್ದರೂ ಗಂಟಲಿಗೆ ಅದೇ ಹೆಚ್ಚು ಉರಿ. ಇನ್ನೊಂದು ಮಾತು: ಇಂಧನ ಮುಗಿದ ಮೇಲೆ ಮೂರು ಸೆಕೆಂಡು ಬಾಲದಿಂದ ಬಿಳಿ ಗೆರೆ ಬರುತ್ತದಲ್ಲ, ಮೋಟರಿನ ಹೆಸರಿನ ಕೊನೆಯ 3 ಅದನ್ನೇ ಸೂಚಿಸುತ್ತದೆ. ಆ ಗೆರೆ ಇರುವುದರಿಂದಲೇ ರಾಕೆಟ್ ಎಲ್ಲಿದೆ ಎಂದು ನೆಲದಲ್ಲಿರುವ ನಮಗೆ ಗೊತ್ತಾಗುವುದು.

ಈಗ ಕುರ್ಚಿಯ ವಿಷಯ. ಗಾಳಿ ಬರುವ ಕಡೆ ಕೂತರೆ ಹೊಗೆ ತಾಗದು, ನಿಜ. ಆದರೆ ರಾಕೆಟ್ ತಿರುಗುವುದೂ ಅದೇ ಕಡೆಗೆ. ಉಡಾವಣೆಯ ಕಂಬಿ ಬಿಟ್ಟ ಕ್ಷಣ ಅಡ್ಡಗಾಳಿ ಹಿಂಬದಿಯ ರೆಕ್ಕೆಗಳನ್ನು ತಳ್ಳುತ್ತದೆ; ಬಾಲ ಗಾಳಿಯ ಜೊತೆ ಹೋಗುತ್ತದೆ, ಮೂತಿ ಗಾಳಿಗೆದುರಾಗುತ್ತದೆ. ಕಂಬಿ ಬಿಡುವಾಗ ರಾಕೆಟ್ಟಿನ ವೇಗ ಗಂಟೆಗೆ 30 ಮೈಲಿ, ಗಾಳಿ 15 ಮೈಲಿ ಇದ್ದರೆ ಅದು 25 ಡಿಗ್ರಿಯಷ್ಟು ವಾಲಬಹುದು. ಪ್ಯಾರಾಶೂಟ್ ಬಿಚ್ಚಿಕೊಂಡರೆ ಚಿಂತೆಯಿಲ್ಲ, ಗಾಳಿಯ ಜೊತೆ ತೇಲಿ ಆಚೆ ಇಳಿಯುತ್ತದೆ. ಬಿಚ್ಚಿಕೊಳ್ಳದಿದ್ದರೆ ಮೂತಿ ಕೆಳಗಾಗಿ ನೇರ ಬಂದು ಬೀಳುವುದು ಗಾಳಿ ಬರುವ ಕಡೆಯಲ್ಲೇ, ನೀವು ಕುರ್ಚಿ ಕೇಳಿದ ಜಾಗದಲ್ಲೇ.

ಪ್ಯಾರಾಶೂಟ್ ಕೈಕೊಡುವುದು ಅಪರೂಪವೇನಲ್ಲ. ಪ್ಯಾರಾಶೂಟನ್ನು ಹೊರದಬ್ಬುವುದು ಮೋಟರಿನ ಬಿಸಿ ಅನಿಲವೇ; ಅದು ನೇರ ತಾಗದಂತೆ ನಡುವೆ ಬೆಂಕಿ ತಡೆಯುವ ಕಾಗದವನ್ನು ಸಡಿಲವಾಗಿ ಮುದುಡಿ ಮೂರು ನಾಲ್ಕು ಹಾಳೆ ತುಂಬಬೇಕು. ಕಡಿಮೆಯಾದರೆ ಪ್ಲಾಸ್ಟಿಕ್ ಪ್ಯಾರಾಶೂಟ್ ಕರಗಿ ಮುದ್ದೆಯಾಗುತ್ತದೆ. ಗಿಡಿದು ತುಂಬಿದರೆ ಹೊರಗೇ ಬರುವುದಿಲ್ಲ. ಚಳಿಯ ಬೆಳಗ್ಗೆ ಮಡಿಕೆಗಳು ಅಂಟಿಕೊಳ್ಳುತ್ತವೆ, ಅದಕ್ಕೇ ಮಕ್ಕಳು ಟಾಲ್ಕಮ್ ಪೌಡರ್ ಸವರುತ್ತಾರೆ. (ಆ ಕಾಗದದ ಬದಲು ಮನೆಯ ಟಿಶ್ಯೂ ಕೊಟ್ಟು ಕಳಿಸಬೇಡಿ. ಅದು ಕಿಡಿ ಹಿಡಿದುಕೊಂಡೇ ಹುಲ್ಲಿನ ಮೇಲೆ ಬೀಳುತ್ತದೆ.)

ಗಾಳಿ ಹೋಗುವ ಕಡೆ ಕೂತರೆ ಹೊಗೆ, ಬರುವ ಕಡೆ ಕೂತರೆ ರಾಕೆಟ್. ಉಳಿಯುವುದು ಅಡ್ಡಬದಿ. ನಾವಿರುವ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಗಾಳಿ ಬಹುಮಟ್ಟಿಗೆ ಪಶ್ಚಿಮದಿಂದ ಬರುವುದರಿಂದ ಕುರ್ಚಿಗಳು ಮೈದಾನದ ದಕ್ಷಿಣಕ್ಕೆ, ಉಡಾವಣೆಯ ಜಾಗದಿಂದ 100 ಅಡಿ ದೂರದಲ್ಲಿರುತ್ತವೆ. ಬೆಳಗಿನ ಬಿಸಿಲೂ ಬೆನ್ನಿಗಿರುತ್ತದೆ, ಆಕಾಶ ನೋಡಲು ಕಣ್ಣಿಗೆ ಹಿತ. ಗಾಳಿ ಸುಳಿದಾಗ ಒಂದೆರಡು ಸಲ ಹೊಗೆಯ ವಾಸನೆ ಬಂದೀತು. ಅದನ್ನು ಸಹಿಸಿಕೊಳ್ಳಿ ಎಂದು ಕೇಳುವುದು ನನಗೂ ಖುಷಿಯ ಕೆಲಸವಲ್ಲ. ಆದರೆ ಒಂದು ನಿಮಿಷದ ಕೆಮ್ಮು ಮತ್ತು ತಲೆಯ ಮೇಲೆ ಬೀಳುವ ರಾಕೆಟ್, ಇವೆರಡರ ನಡುವೆ ಆರಿಸಬೇಕಾದಾಗ ಶಾಲೆ ಯಾವುದನ್ನು ಆರಿಸಬೇಕೆಂದು ನೀವೇ ಹೇಳಿ. ದಿಕ್ಕು ಬದಲಾದರೆ ಕುರ್ಚಿಗಳನ್ನೂ ಬದಲಿಸುತ್ತೇವೆ, ಆದರೆ ಯಾವಾಗಲೂ ಅಡ್ಡಬದಿಗೇ.

ಹೊಗೆ ಕಡಿಮೆಯಾಗಲು ನಮ್ಮಿಂದಾಗುವುದನ್ನು ಮಾಡುತ್ತಿದ್ದೇವೆ. ಈ ಸಲ ಒಂದು ಸಲಕ್ಕೆ ಒಂದೇ ರಾಕೆಟ್, ಮುಂದಿನದಕ್ಕೆ ಎರಡು ನಿಮಿಷದ ಅಂತರ. ಶುರು ಹತ್ತು ಗಂಟೆಗೆ. ಅದಕ್ಕಿಂತ ಮೊದಲು ಗಾಳಿಯಾಡದೆ ಹೊಗೆ ನೆಲದಲ್ಲೇ ನಿಲ್ಲುತ್ತದೆ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಜೋರಾಗುತ್ತದೆ. ಅಮೆರಿಕದ ಹವ್ಯಾಸಿ ರಾಕೆಟ್ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮ ಗಂಟೆಗೆ 20 ಮೈಲಿ ಗಾಳಿಯವರೆಗೆ ಅನುಮತಿ ಕೊಡುತ್ತದೆ, ನಾವು 10 ದಾಟಿದರೆ ನಿಲ್ಲಿಸುತ್ತೇವೆ. 300 ಅಡಿ ಎತ್ತರದಿಂದ ಸೆಕೆಂಡಿಗೆ 13 ಅಡಿಯಂತೆ ಇಳಿಯುವ ರಾಕೆಟ್ಟನ್ನು 10 ಮೈಲಿಯ ಗಾಳಿಯೇ 330 ಅಡಿಗೂ ಹೆಚ್ಚು ದೂರ ಒಯ್ಯುತ್ತದೆ. ಇನ್ನೂ ಎತ್ತರಕ್ಕೊಯ್ಯುವ, ಹೆಚ್ಚು ಶಕ್ತಿಯ ಸಿ ಮೋಟರ್ ಬೇಕೆಂದು ಹಟ ಹಿಡಿದಿರುವ ದೊಡ್ಡ ಮಕ್ಕಳಿಗೂ ಇದೇ ಉತ್ತರ: ಅದಕ್ಕೆ ಕನಿಷ್ಠ 400 ಅಡಿ ಅಗಲದ ಬಯಲು ಬೇಕು, ನಮ್ಮದು 300.

ಪ್ರತಿ ಐದು ಉಡಾವಣೆಗೊಮ್ಮೆ ಕಂಬಿಯನ್ನು ಒರೆಸುತ್ತೇವೆ. ಮಸಿ ಅಂಟಿದ ಕಂಬಿಯಲ್ಲಿ ರಾಕೆಟ್ ತಡೆದು ನಿಧಾನವಾಗಿ ಹೊರಡುತ್ತದೆ, ಆಗ ಇನ್ನಷ್ಟು ವಾಲುತ್ತದೆ. ಗುಂಡಿ ಒತ್ತುವ ಮಗು 30 ಅಡಿ ದೂರದಲ್ಲಿರುತ್ತದೆ. ನಿಯಮ ಕೇಳುವುದು 15. ಗುಂಡಿ ಒತ್ತಿಯೂ ಹೊತ್ತದಿದ್ದರೆ ಗುಂಡಿಯ ಪೆಟ್ಟಿಗೆಯ ಸುರಕ್ಷತಾ ಕೀಲಿ ತೆಗೆದು 60 ಸೆಕೆಂಡು ಯಾರೂ ಹತ್ತಿರ ಹೋಗುವಂತಿಲ್ಲ. ಎಷ್ಟೋ ಸಲ ಮೋಟರಿಗೆ ವಿದ್ಯುತ್ ಒಯ್ಯುವ ತಂತಿಗಳ ಎರಡು ಕ್ಲಿಪ್‌ಗಳು ಒಂದಕ್ಕೊಂದು ತಗುಲಿರುತ್ತವೆ, ಅಷ್ಟೇ. ಆದರೂ ಕಾಯುತ್ತೇವೆ. ಅಗ್ನಿಶಾಮಕ ಇಲಾಖೆಯ ಅನುಮತಿ ಪಡೆದಿದ್ದೇವೆ. ಮೇ ಬಂದರೆ ಇಲ್ಲಿನ ಗುಡ್ಡಗಳೆಲ್ಲ ಒಣಹುಲ್ಲು, ಅದಕ್ಕೇ ಮಾರ್ಚ್.

ಇದನ್ನೆಲ್ಲ ಬಿಟ್ಟು ಕನ್ನಡ ಶಾಲೆಯಲ್ಲಿ ಕನ್ನಡ ಕಲಿಸಿದರೆ ಸಾಲದೆ ಎಂದವರಿಗೂ ಒಂದು ಮಾತು. ಮಕ್ಕಳು ಈ ತಿಂಗಳು ಓದಿದ್ದು ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳ ಬಗ್ಗೆ, 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವಲ್ಲ, ಅವುಗಳ ಬಗ್ಗೆ. ನಾವು ಲೋಹವನ್ನು ಯಾಕೆ ಮುಟ್ಟದೆ ಕಾಗದ, ಬಾಲ್ಸಾ ಮರದಲ್ಲೇ ಮಾಡುತ್ತೇವೆ ಎಂದು ಅವರನ್ನೇ ಕೇಳಿ, ಕನ್ನಡದಲ್ಲೇ ವಿವರಿಸುತ್ತಾರೆ.

ಉಬ್ಬಸವಿರುವ ಮಕ್ಕಳ ರಾಕೆಟ್ಟುಗಳು ಎಲ್ಲಕ್ಕಿಂತ ಮೊದಲು ಹಾರುತ್ತವೆ. ಆಮೇಲೆ ಅವರು ಗ್ರಂಥಾಲಯದ ಕಿಟಕಿಯಿಂದ ನೋಡಬಹುದು, ಒಬ್ಬ ಶಿಕ್ಷಕಿ ಜೊತೆಗಿರುತ್ತಾರೆ. ಇನ್‌ಹೇಲರ್ ಮಗುವಿನ ಬಳಿಯೇ ಇರಲಿ, ಕಾರಿನಲ್ಲಿ ಬೇಡ.

ಎಣಿಕೆ ಶುರುವಾದಾಗ ಕೂತವರು ಎದ್ದು ನಿಲ್ಲಿ, ಫೋನು ಕೆಳಗಿಡಿ. ಬೀಳುತ್ತಿರುವ ರಾಕೆಟ್ಟನ್ನು ಹಿಡಿಯಲು ಓಡಬೇಡಿ. ಮರಕ್ಕೋ ವಿದ್ಯುತ್ ತಂತಿಗೋ ಸಿಕ್ಕಿಕೊಂಡದ್ದು ಅಲ್ಲೇ ಇರಲಿ. ಅಳುವ ಮಗುವಿಗೆ ಇನ್ನೊಂದನ್ನು ಕಟ್ಟಿಕೊಡೋಣ. ನೆರಳಿನ ಡೇರೆ ಬೇಡ, ಅದರ ಕೆಳಗಿಂದ ಮೇಲೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಟೋಪಿ ತನ್ನಿ.

ಕೋರಿಕೆ ಇಷ್ಟೇ: ಕುರ್ಚಿಗಳನ್ನು ಹಾಕಿದ ಜಾಗದಿಂದ ಕದಲಿಸಬೇಡಿ, ಉಬ್ಬಸವಿರುವ ಮಕ್ಕಳ ಹೆಸರನ್ನು ಬುಧವಾರದೊಳಗೆ ತರಗತಿ ಶಿಕ್ಷಕರಿಗೆ ತಿಳಿಸಿ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ
ಭಾನುವಾರದ ಕನ್ನಡ ಶಾಲೆ