ವಾರಿಜಳ ಜಾಣ್ಮೆಯನ್ನು ಮೊದಲು ತೋರಿಸಿ

ಉಡುಪಿ

ಪ್ರಿಯ ಯುವ ಬರಹಗಾರ್ತಿಗೆ ನಮಸ್ಕಾರ.

ನೀವು ಕಳುಹಿಸಿದ ಚಿತ್ರಕಥೆಯನ್ನು ಪೂರ್ತಿಯಾಗಿ ಓದಿದೆ. ಮಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ವರ್ಷಗಟ್ಟಲೆ ದುಡಿದ ವಾರಿಜ ಎಂಬ ನರ್ಸ್, ಗಂಡನಿಂದ ಬೇರೆಯಾಗಿ, ಒಂಬತ್ತು ವರ್ಷದ ಮಗನೊಂದಿಗೆ ಇಂಗ್ಲೆಂಡಿನ ಸಣ್ಣ ಪಟ್ಟಣವೊಂದಕ್ಕೆ ಹೋಗಿ ನೆಲೆಯೂರಲು ಹೆಣಗುವ ಕಥೆ ನಿಮ್ಮದು. ಅದನ್ನು ದೊಡ್ಡ ನಿರ್ಮಾಪಕರ ಹಂಗಿಲ್ಲದೆ, ನಗುವೂ ನೋವೂ ಬೆರೆತ ಸ್ವತಂತ್ರ ಸಿನಿಮಾವಾಗಿ ಮಾಡಬೇಕೆಂಬ ನಿಮ್ಮ ಹಂಬಲ ನನಗೆ ಬಹಳ ಹಿಡಿಸಿತು. ಮುಂಬಯಿಯ ಹೋಟೆಲುಗಳಿಗೆ, ಕೊಲ್ಲಿಯ ದೇಶಗಳಿಗೆ ದುಡಿಯಲು ಹೋದ ಕರಾವಳಿಯ ಗಂಡಸರ ಕಥೆಯನ್ನು ನಾವು ಸಾಕಷ್ಟು ಕೇಳಿದ್ದೇವೆ. ಮಗುವಿನ ಕೈಹಿಡಿದು ಹೊರಟ ಹೆಂಗಸಿನ ಕಥೆ ಅಪರೂಪ. ಇದು ಚೆನ್ನಾಗಿ ಬರಲೇಬೇಕೆಂಬ ಆಸೆಯಿಂದಲೇ ಈ ಪತ್ರದಲ್ಲಿ ಮೆಚ್ಚುಗೆಗಿಂತ ತಕರಾರನ್ನು ಹೆಚ್ಚು ಬರೆಯುತ್ತಿದ್ದೇನೆ.

ನನ್ನ ಮುಖ್ಯ ತಕರಾರು ನಗುವಿನ ಬಗ್ಗೆ. ಮೊದಲ ಭಾಗದಲ್ಲಿ ವಾರಿಜ ಎಸ್ಕಲೇಟರ್ ಮುಂದೆ ಹೆದರಿ ನಿಲ್ಲುತ್ತಾಳೆ, ಓವನ್ ಹಚ್ಚಲು ತಿಳಿಯದೆ ಪೇಚಾಡುತ್ತಾಳೆ, ಇಂಗ್ಲಿಷ್ ಪದಗಳನ್ನು ತಪ್ಪಾಗಿ ಉಚ್ಚರಿಸುತ್ತಾಳೆ, ಪ್ರೇಕ್ಷಕರು ನಗಬೇಕೆಂದು ನೀವು ಅಪೇಕ್ಷಿಸುತ್ತೀರಿ. ವೆಂಟಿಲೇಟರಿನ ಅಲಾರಂ ಕೇಳಿದೊಡನೆ ಏನು ಕೆಟ್ಟಿದೆ ಎಂದು ಊಹಿಸಬಲ್ಲ, ಮಾಲ್‌ಗಳಿರುವ ಮಂಗಳೂರಿನಲ್ಲಿ ಬದುಕಿದ ಹೆಂಗಸು ಎಸ್ಕಲೇಟರಿಗೆ ಹೆದರುವುದನ್ನು ನಮ್ಮ ಊರಿನ ಯಾರೂ ನಂಬುವುದಿಲ್ಲ. ನಂಬಿಕೆಯ ಮಾತು ಹಾಗಿರಲಿ, ಅವಳ ಅಜ್ಞಾನದಿಂದ ಹುಟ್ಟಿಸಿದ ನಗು ಅವಳನ್ನು ಚಿಕ್ಕವಳನ್ನಾಗಿಸುತ್ತದೆ. ಅಷ್ಟು ಚಿಕ್ಕವಳಾದ ಮೇಲೆ ಕೊನೆಯ ಭಾಗದಲ್ಲಿ ನೀವು ಅವಳ ಮೇಲೆ ಹೊರಿಸಿರುವ ದುಃಖವನ್ನು ಅವಳು ಹೊರಲಾರಳು.

ನಮ್ಮ ಯಕ್ಷಗಾನ ಆಟದ ರಂಗಸ್ಥಳದಲ್ಲಿ ಇದಕ್ಕೆ ದಾರಿ ಸಿದ್ಧವಾಗಿಯೇ ಇದೆ. ನಳ ದಮಯಂತಿ ಪ್ರಸಂಗದ ಬಾಹುಕನನ್ನು ನೆನಪಿಸಿಕೊಳ್ಳಿ. ಕಾರ್ಕೋಟಕ ಸರ್ಪ ಕಚ್ಚಿ ರೂಪಗೆಟ್ಟ ನಳ, ಪರರಾಜ್ಯದಲ್ಲಿ, ಬೇರೆ ಹೆಸರಿನಲ್ಲಿ, ಋತುಪರ್ಣನ ಕುದುರೆಗಳನ್ನು ನೋಡಿಕೊಂಡು ಅಡುಗೆ ಮಾಡಿಕೊಂಡು ದಿನ ನೂಕುತ್ತಾನೆ. ಬಾಹುಕನ ವೇಷವನ್ನು ಹಾಸ್ಯಗಾರರು ಮಾಡುವ ರೂಢಿ ನಮ್ಮಲ್ಲಿದೆ. ಸಭೆ ಮನಸಾರೆ ನಗುತ್ತದೆ. ಆದರೆ ಇವನು ನಿಷಧದ ಅರಸ, ಕುದುರೆಗಳ ಮರ್ಮವರಿಯುವ ಅಶ್ವಹೃದಯ ವಿದ್ಯೆ ಬಲ್ಲವನು ಎಂಬುದು ಸಭೆಗೆ ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಋತುಪರ್ಣನಿಗೆ. ಆ ನಗುವಿನಲ್ಲಿ ಬಾಹುಕನ ಬಗೆಗಿನ ಗೌರವ ಎಲ್ಲಿಯೂ ಕುಂದುವುದಿಲ್ಲ. ಮುಂದೆ ದಮಯಂತಿಯ ಸಖಿ ಕೇಶಿನಿ ಇಬ್ಬರು ಮಕ್ಕಳನ್ನು ಕರೆತಂದಾಗ, ತಾನು ಯಾರೆಂದು ಹೇಳಿಕೊಳ್ಳಲಾಗದ ತಂದೆ ಅವರನ್ನು ತಬ್ಬಿಕೊಂಡು ಅಳುತ್ತಾನೆ. ಅಷ್ಟು ಹೊತ್ತು ನಕ್ಕ ಸಭೆಯೇ ಆಗ ಕಣ್ಣೊರೆಸಿಕೊಳ್ಳುತ್ತದೆ. ಹಾಗಾಗಿ ವಾರಿಜ ಮಂಗಳೂರಿನ ಐಸಿಯುನಲ್ಲಿ ಕೆಲಸ ಮಾಡುವುದನ್ನು ಸಿನಿಮಾದ ಮೊದಲ ಹತ್ತು ನಿಮಿಷಗಳಲ್ಲಿಯೇ, ಅವಸರವಿಲ್ಲದೆ, ನಮಗೆ ತೋರಿಸಿ.

ಅಲ್ಲಿಂದ ಮುಂದೆ ನಗುವನ್ನು ನೀವು ಹುಡುಕಬೇಕಾಗಿಲ್ಲ. ಹೊರದೇಶದ ನರ್ಸ್ ಬ್ರಿಟನ್ನಿನಲ್ಲಿ ನೋಂದಾಯಿಸಿಕೊಳ್ಳಲು ಬರೆಯಬೇಕಾದ ಕಂಪ್ಯೂಟರ್ ಪರೀಕ್ಷೆಯೊಂದಾದರೆ, ಅಲ್ಲಿಗೆ ಹೋಗಿ ಕೊಡಬೇಕಾದ ಪ್ರಾಯೋಗಿಕ ಪರೀಕ್ಷೆ ಇನ್ನೊಂದು. ನರ್ಸುಗಳು ಅದನ್ನು ಓಸ್ಕಿ ಎನ್ನುತ್ತಾರೆ. ಅದರಲ್ಲಿ ಹತ್ತು ಸ್ಟೇಷನ್‌ಗಳು. ರೋಗಿಯ ಜಾಗದಲ್ಲಿ ನಟರೋ ಬೊಂಬೆಯೋ ಇರುತ್ತದೆ. ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಮಾಡಬೇಕು. ಜೀವವಿರುವ ನೂರಾರು ಮಂದಿಯ ಉಸಿರು ಕಾಯ್ದ ವಾರಿಜ ರಬ್ಬರ್ ಬೊಂಬೆಯೊಂದರ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ವಿನಯದಿಂದ ಕೇಳಿ, ಕೈ ಮುಟ್ಟಲು ಅದರ ಒಪ್ಪಿಗೆ ಪಡೆಯುವ ದೃಶ್ಯವನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಇದರ ಅಭ್ಯಾಸಕ್ಕೆ ಮಗನೇ ರೋಗಿಯಾಗಿ ಸೋಫಾದ ಮೇಲೆ ಮಲಗಲಿ. ಪರೀಕ್ಷೆ ಪಾಸಾಗಿ ನೋಂದಣಿಯ ಪಿನ್ ನಂಬರ್ ಕೈಗೆ ಬರುವವರೆಗೆ ಅವಳು ಬ್ಯಾಂಡ್ 5 ಎಂಬ ಸಂಬಳ ಶ್ರೇಣಿಯ ನರ್ಸ್ ಅಲ್ಲ. ಕೆಳಗಿನ ಬ್ಯಾಂಡಿನ ಸಂಬಳಕ್ಕೆ ರೋಗಿಗಳನ್ನು ಮೀಯಿಸುತ್ತಾಳೆ, ಊಟ ಮಾಡಿಸುತ್ತಾಳೆ, ಮದ್ದು ಕೊಡುವ ಅಧಿಕಾರ ಅವಳಿಗಿಲ್ಲ. ಬಾಹುಕನ ಕುದುರೆ ಲಾಯ ಇದೇ.

ಒಂದು ವಿಷಯವನ್ನು ನೀವು ತಿದ್ದಲೇಬೇಕು. ನಿಮ್ಮ ಕರಡಿನಲ್ಲಿ ವಾರಿಜ 2025ರ ಚಳಿಗಾಲದಲ್ಲಿ ವೃದ್ಧಾಶ್ರಮವೊಂದರ ಕೇರ್ ವರ್ಕರ್ ಆಗಿ ಮಗನೊಂದಿಗೆ ಹೋಗಿ ಇಳಿಯುತ್ತಾಳೆ. 2024ರ ಮಾರ್ಚ್ 11ರಿಂದ ಹೊಸದಾಗಿ ಹೋಗುವ ಕೇರ್ ವರ್ಕರ್‌ಗಳು ಮಕ್ಕಳನ್ನಾಗಲಿ ಸಂಗಾತಿಯನ್ನಾಗಲಿ ಜೊತೆಗೆ ಕರೆದೊಯ್ಯುವಂತಿಲ್ಲ. 2025ರ ಜುಲೈ 22ರಿಂದ ಹೊರದೇಶಗಳಿಂದ ಅವರ ಹೊಸ ನೇಮಕವೇ ನಿಂತಿತು. ಅವಳನ್ನು ಆಸ್ಪತ್ರೆಯ ನರ್ಸ್ ಆಗಿಯೇ ಕಳುಹಿಸಿದರೆ ಮಗ ಉಳಿಯುತ್ತಾನೆ, ಮೇಲೆ ಹೇಳಿದ ಪರೀಕ್ಷೆಯೂ ಸಿಗುತ್ತದೆ.

ಇನ್ನು ಗಂಡನ ವಿಷಯ. ವಿಚ್ಛೇದನವನ್ನು ಒಂದೇ ಮಾತಿನಲ್ಲಿ ಮುಗಿಸಿ, ಅದರ ಬದಲಿಗೆ ನೆರೆಕರೆಯವರು ವಾರಿಜಳನ್ನು ಹೀಯಾಳಿಸುವ ನಾಲ್ಕು ದೃಶ್ಯಗಳನ್ನು ಇಟ್ಟಿದ್ದೀರಿ. ಅವು ಟಿವಿ ಧಾರಾವಾಹಿಗಳಿಂದ ಬಂದಂತಿವೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆತನಗಳಲ್ಲಿ ಮಕ್ಕಳಿಗೆ ಬಳಿ, ಅಂದರೆ ಕುಲದ ಗುರುತು, ಬರುವುದು ತಾಯಿಯಿಂದ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಅನಂತರ ಆಸ್ತಿಯ ಲೆಕ್ಕ ಬದಲಾಯಿತೇ ಹೊರತು ಬಳಿ ಬದಲಾಗಲಿಲ್ಲ. ಗಂಡನ ಮನೆ ಬಿಟ್ಟು ಬಂದ ಮಗಳಿಗೆ ಇಂಥ ಮನೆಯಲ್ಲಿ ನೋವಿರಬಹುದು, ಜಗಳವಿರಬಹುದು, ಆದರೆ ಮಗು ಎತ್ತಿಕೊಳ್ಳಲು ಕೈಗಳಿಗೆ ಬರಗಾಲವಿರುವುದಿಲ್ಲ. ವಾರಿಜ ನಿಜವಾಗಿ ಒಂಟಿಯಾಗುವುದು ಬಜ್ಪೆಯಲ್ಲಿ ವಿಮಾನ ಹತ್ತಿದ ಮೇಲೆ. ನಿಮ್ಮ ಕಥೆಯ ತಿರುಳು ಅಲ್ಲಿದೆ ಎಂದು ನನಗೆ ಅನಿಸುತ್ತದೆ. ತಂದೆ ತಾಯಿಯರಲ್ಲಿ ಒಬ್ಬರೇ ಮಗುವನ್ನು ಕರೆದೊಯ್ಯುವಾಗ, ಸಾಕುವ ಹೊಣೆ ಪೂರ್ತಿಯಾಗಿ ತನ್ನದೇ ಎಂದು ಬ್ರಿಟನ್ನಿನ ವೀಸಾ ಅಧಿಕಾರಿಗಳಿಗೆ ಸಾಮಾನ್ಯವಾಗಿ ದಾಖಲೆಗಳಿಂದ ತೋರಿಸಬೇಕಾಗುತ್ತದೆ. ಶಾಲೆಯ ಫೀಸಿನ ರಸೀದಿ, ಮದ್ದಿನ ಚೀಟಿ, ಅವಳ ಸಹಿಯಿರುವ ಪ್ರಗತಿ ಪತ್ರ ಇವನ್ನೆಲ್ಲ ನಡುಮನೆಯಲ್ಲಿ ಹರಡಿಕೊಂಡು ಕುಳಿತ ವಾರಿಜಳಿಗೆ ಅಜ್ಜಿ, "ಮಗುವನ್ನು ಸಾಕಿದ್ದು ನೀನೊಬ್ಬಳೇ ಅಂತ ಬರೆದರೆ ಸುಳ್ಳಾಗುವುದಿಲ್ಲವಾ, ನಾನು ಏನು ಮಾಡಿದ್ದು ಹಾಗಾದರೆ?" ಎಂದು ಕೇಳಲಿ. ಆ ಹೀಯಾಳಿಕೆಯ ನಾಲ್ಕೂ ದೃಶ್ಯಗಳ ಜಾಗಕ್ಕೆ ಇದೊಂದು ಸಾಕು.

ರಾತ್ರಿ ಪಾಳಿಯನ್ನು ನೀವು ಮುಟ್ಟಿಯೇ ಇಲ್ಲ. ಹನ್ನೆರಡು ಗಂಟೆಗಳಿಗೂ ಹೆಚ್ಚು ಹೊತ್ತಿನ ಪಾಳಿಗೆ ಹೋದ ತಾಯಿಯ ಮಗು ಎಲ್ಲಿ ಮಲಗುತ್ತದೆ? ಮಗುವನ್ನು ಎಷ್ಟು ವಯಸ್ಸಿನವರೆಗೆ ಒಂಟಿಯಾಗಿ ಬಿಡಬಾರದೆಂದು ಇಂಗ್ಲೆಂಡಿನ ಕಾನೂನು ನಿಖರವಾಗಿ ಹೇಳುವುದಿಲ್ಲ, ಆದರೆ ಅಪಾಯಕ್ಕೆ ಒಡ್ಡಿದರೆ ಅದು ಅಪರಾಧ. ಹದಿನಾರರ ಒಳಗಿನವರನ್ನು ರಾತ್ರಿಯಿಡೀ ಒಂಟಿಯಾಗಿ ಬಿಡಬಾರದೆಂದು ಅಲ್ಲಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಹೇಳುತ್ತದೆ. ಜೊತೆಗೆ ದುಡಿಯುವ ಮಲಯಾಳಿ ನರ್ಸ್ ಒಬ್ಬಳ ಮನೆಯಲ್ಲಿ ಅವನನ್ನು ಮಲಗಿಸಿ ವಾರಿಜ ಕೆಲಸಕ್ಕೆ ಹೋಗಲಿ. ಆ ರಾತ್ರಿ ಅಕ್ಟೋಬರಿನ ಕೊನೆಯ ಭಾನುವಾರದ ಮುಂಜಾವಾಗಲಿ, ಏಕೆಂದರೆ ಅಂದು ಎರಡು ಗಂಟೆಗೆ ಅಲ್ಲಿನ ಗಡಿಯಾರಗಳು ಒಂದು ಗಂಟೆಗೆ ಹಿಂದೆ ಸರಿಯುತ್ತವೆ. ಉಡುಪಿಯಲ್ಲಿ ಬೆಳಗ್ಗೆ ಆರಕ್ಕೆ ಎದ್ದ ಅಜ್ಜಿ ಕರೆ ಮಾಡಿದಾಗ ವಾರ್ಡಿನ ಗಡಿಯಾರದಲ್ಲಿ ಒಂದೂವರೆ. ಮನಸ್ಸು ತಡೆಯದೆ ಏಳಕ್ಕೆ ಮತ್ತೆ ಮಾಡಿದಾಗಲೂ ಒಂದೂವರೆ. ಮೊದಲ ಕರೆಯಲ್ಲಿ ವಾರಿಜ ಎಲ್ಲವೂ ಚೆನ್ನಾಗಿದೆ ಎನ್ನುತ್ತಾಳೆ. ಎರಡನೆಯದರಲ್ಲಿ ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ ಕುಳಿತು, ಮಗ ತನ್ನೊಡನೆ ಮಾತು ಬಿಟ್ಟಿರುವುದನ್ನು ಹೇಳಿಬಿಡುತ್ತಾಳೆ. ಗಡಿಯಾರದ ತಮಾಷೆಗೆ ನಗುತ್ತಿದ್ದ ಪ್ರೇಕ್ಷಕರಿಗೆ ಈ ಮಾತು ಎದುರಾಗಲಿ.

ಸಂಭಾಷಣೆಯನ್ನು ಪೂರ್ತಿ ಗ್ರಂಥದ ಕನ್ನಡದಲ್ಲಿ ಬರೆಯಬೇಡಿ. ವಾರಿಜ ಮಗನೊಡನೆ ತುಳುವಿನಲ್ಲಿ, ಜೊತೆಗಾರ್ತಿಯೊಡನೆ ಮಂಗಳೂರಿನ ನರ್ಸಿಂಗ್ ಹಾಸ್ಟೆಲಿನಲ್ಲಿ ಕಲಿತ ಹರುಕು ಮಲಯಾಳದಲ್ಲಿ ಮಾತಾಡಲಿ. ಖರ್ಚಿನ ಬಗ್ಗೆ ನೀವು ಪಟ್ಟಿರುವ ಆತಂಕ ಅಷ್ಟು ಬೇಡ. ನಾನು ಹೇಳಿದ ದೃಶ್ಯಗಳಲ್ಲಿ ಹೆಚ್ಚಿನವು ಒಂದು ನಡುಮನೆ, ಒಂದು ಅಡುಗೆಕೋಣೆ, ಒಂದು ವಾರ್ಡಿನೊಳಗೆ ನಡೆಯುವಂಥವು. ಅವನ್ನು ಮಂಗಳೂರಿನಲ್ಲೇ ಚಿತ್ರೀಕರಿಸಬಹುದು.

ಎರಡನೆಯ ಕರಡನ್ನು ಮೊದಲ ಪುಟದಿಂದ ಆರಂಭಿಸಬೇಡಿ. ಆ ಎರಡು ಫೋನ್ ಕರೆಗಳ ದೃಶ್ಯವನ್ನು ಮೊದಲು ಬರೆದು ನನಗೆ ಕಳುಹಿಸಿ. ಅಜ್ಜಿಯ ಮಾತುಗಳನ್ನು ತುಳುವಿನಲ್ಲಿಯೇ ಇಡಿ.

ಇತಿ,
ನಿಮ್ಮ ಹಿತೈಷಿ